ಕಂಡಕ್ಟಿವಿಟಿ ಮೀಟರ್ ಹೇಳದ ಸಿಲಿಕಾ

ಬೆಳಗಾವಿ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಡಿಎಂ ಪ್ಲಾಂಟ್, ಅಂದರೆ ನೀರಲ್ಲಿ ಕರಗಿದ ಲವಣಗಳನ್ನು ತೆಗೆಯುವ ಘಟಕ, ನೋಡಿಕೊಳ್ಳುವುದು ನನ್ನ ಕೆಲಸ. ಕಬ್ಬಿನ ಸಿಪ್ಪೆ ಉರಿಸಿ ಕರೆಂಟ್ ಮಾಡುವ ಹೈ ಪ್ರೆಷರ್ ಬಾಯ್ಲರ್‌ಗೆ ಇಲ್ಲಿಂದಲೇ ನೀರು ಹೋಗುತ್ತದೆ. ನಮಗೆ ಬರುವುದು ನದಿ ನೀರು. ಕಪ್ಪು ಕಲ್ಲಿನ ಸೀಮೆ ದಾಟಿ ಬರುವ ನೀರಲ್ಲಿ ಸಿಲಿಕಾ (ಕಲ್ಲು, ಮರಳಿನಲ್ಲಿರುವ ಅಂಶ) ಇದ್ದೇ ಇರುತ್ತದೆ.

ಫಿಲ್ಟರ್‌ಗಳನ್ನು ದಾಟಿದ ನೀರು ಮೊದಲು ಕ್ಯಾಟಯಾನ್ (ಧನ ಅಯಾನು) ಟ್ಯಾಂಕಿಗೆ ಹೋಗುತ್ತದೆ. ಅಲ್ಲಿನ ರೆಸಿನ್ ಮಣಿಗಳು (ಅಯಾನುಗಳನ್ನು ಅದಲುಬದಲು ಮಾಡುವ ಪ್ಲಾಸ್ಟಿಕ್ ಕಾಳುಗಳು) ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಹಿಡಿದುಕೊಂಡು ಹೈಡ್ರೋಜನ್ ಅಯಾನು ಬಿಡುತ್ತವೆ. ಆಗ ಹುಟ್ಟುವ ಇಂಗಾಲದ ಡೈಆಕ್ಸೈಡನ್ನು ಡೀಗ್ಯಾಸರ್‌ನಲ್ಲಿ ಗಾಳಿ ಊದಿ ಓಡಿಸುತ್ತೇವೆ. ಇಲ್ಲದಿದ್ದರೆ ಅದು ಮುಂದಿನ ಆನಯಾನ್ (ಋಣ ಅಯಾನು) ರೆಸಿನ್‌ಗೆ ಸುಮ್ನೆ ಹೊರೆ. ಆನಯಾನ್ ಟ್ಯಾಂಕಿನ ರೆಸಿನ್ ಕ್ಲೋರೈಡ್, ಸಲ್ಫೇಟ್, ಸಿಲಿಕಾ ಹಿಡಿದುಕೊಳ್ಳುತ್ತದೆ. ಕೊನೆಗೆ ಎರಡೂ ರೆಸಿನ್ ಬೆರೆತಿರುವ ಮಿಕ್ಸ್ಡ್ ಬೆಡ್.

ಆನಯಾನ್ ರೆಸಿನ್ ಎಲ್ಲಕ್ಕಿಂತ ಸಡಿಲವಾಗಿ ಹಿಡಿಯುವುದು ಸಿಲಿಕಾವನ್ನೇ. ರೆಸಿನ್‌ನ ಶಕ್ತಿ ಮುಗಿಯುತ್ತ ಬಂದಾಗ ಮೊದಲು ಜಾರುವುದೂ ಅದೇ. ಆದರೆ ನೀರು ಎಷ್ಟು ಕರೆಂಟ್ ಹರಿಯಬಿಡುತ್ತದೆ ಅಂತ ಅಳೆಯುವ ಕಂಡಕ್ಟಿವಿಟಿ ಮೀಟರ್‌ಗೆ ಅದು ಗೊತ್ತೇ ಆಗುವುದಿಲ್ಲ. ಎಷ್ಟೋ ಸಲ ಮೀಟರಿನ ಅಂಕಿ ಏರುವ ಮೊದಲು ಸ್ವಲ್ಪ ಇಳಿಯುತ್ತದೆ. ನೀರು ಇನ್ನೂ ಚೆನ್ನಾಯಿತು ಅಂತ ಹೊಸ ಆಪರೇಟರ್‌ಗಳು ಖುಷಿಪಡುತ್ತಾರೆ. ನಾನು ಆಗಲೇ ಸ್ಯಾಂಪಲ್ ತೆಗೆದು ಮಾಲಿಬ್ಡೇಟ್ ಎಂಬ ರಾಸಾಯನಿಕ ಹಾಕಿ ಟೆಸ್ಟ್ ಮಾಡುತ್ತೇನೆ. ಬರುವ ನೀಲಿ ಬಣ್ಣ ಗಾಢವಾದಷ್ಟೂ ಸಿಲಿಕಾ ಜಾಸ್ತಿ. ಮಿಕ್ಸ್ಡ್ ಬೆಡ್ ದಾಟಿದ ನೀರಲ್ಲಿ 0.02 ಪಿಪಿಎಂ ಮೀರಲು ಬಿಡುವುದಿಲ್ಲ. ಸಿಲಿಕಾ ಹಬೆಯ ಜೊತೆಗೇ ಹೋಗಿ ಟರ್ಬೈನ್ ಬ್ಲೇಡಿನ ಮೇಲೆ ಗಾಜಿನಂತೆ ಅಂಟುತ್ತದೆ. ಆಮೇಲೆ ನೀರಿಗೆ ಅದು ಬಿಡುವುದೇ ಇಲ್ಲ.

ರೆಸಿನ್‌ಗೆ ಮತ್ತೆ ಶಕ್ತಿ ತುಂಬುವ ರಿಜನರೇಶನ್‌ನಲ್ಲಿ ಕ್ಯಾಟಯಾನ್ ಮೊದಲು. ಕೆಳಗಿಂದ ಮೇಲಕ್ಕೆ ನೀರು ಹಾಯಿಸಿ ಬ್ಯಾಕ್‌ವಾಶ್ ಮಾಡಿ, ಸುಮಾರು 5% ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟು ತೊಳೆಯುತ್ತೇವೆ. ಆನಯಾನ್‌ಗೆ ಸುಮಾರು 4% ಕಾಸ್ಟಿಕ್ ಸೋಡಾ. ಅದನ್ನು ತೆಳುವಾಗಿಸಲು ಡಿಎಂ ನೀರೇ ಬೇಕು. ಗಡಸು ನೀರು ತಾಗಿದರೆ ಮಣಿಗಳ ನಡುವೆ ಬಿಳಿ ಗಸಿ ಕೂರುತ್ತದೆ. ಕಾಸ್ಟಿಕ್ ಬೆಚ್ಚಗಿರಬೇಕು, 45-50 ಡಿಗ್ರಿ. ತಣ್ಣಗಿದ್ದರೆ ಸಿಲಿಕಾ ಪೂರ್ತಿ ಬಿಡುವುದಿಲ್ಲ. ನಿಧಾನವಾಗಿಯೇ ಹರಿಸಬೇಕು. ರಾತ್ರಿ ಪಾಳಿಯಲ್ಲಿ ಬಾಯ್ಲರ್‌ನವರು ಎಷ್ಟೇ ಅವಸರ ಮಾಡಲಿ, ಇದರಲ್ಲಿ ಹತ್ತು ನಿಮಿಷವೂ ಕಡಿಮೆ ಮಾಡಲು ನಾನು ಒಪ್ಪುವುದಿಲ್ಲ.

ಹೊರಬಂದ ಆಮ್ಲ, ಕಾಸ್ಟಿಕ್ ಎರಡನ್ನೂ ಒಂದೇ ತೊಟ್ಟಿಯಲ್ಲಿ ಬೆರೆಸಿ ಪಿಎಚ್ 7ರ ಹತ್ತಿರ ತರುತ್ತೇವೆ. ಪಿಎಚ್ ಸರಿಯಾದರೂ ಉಪ್ಪು ಅದರಲ್ಲೇ ಇರುತ್ತದೆ, ಅಲ್ವಾ? ಹಾಗಾಗಿ ಪಕ್ಕದ ಕಬ್ಬಿನ ಗದ್ದೆಗಳ ಕಡೆಗೆ ಅದನ್ನು ಬಿಡುವುದಿಲ್ಲ. ಬಾಯ್ಲರ್ ಬೂದಿ ತೋಯಿಸಲು ಬಳಸುತ್ತೇವೆ.