ಹಸಿ ಹುಲ್ಲಿನಲ್ಲಿ ಫ್ರಿಟಿಲರಿ ನಿಂತ ಬಗೆ

ಹುಲ್ಲಿನ ನಡುವೆ ಚೌಕಳಿ ಫ್ರಿಟಿಲರಿ (ಗೆಡ್ಡೆಯಿಂದ ಎದ್ದು, ಚೌಕಳಿ ಎಸಳಿನ ಗಂಟೆಯಂಥ ಹೂ ಬಿಡುವ ಗಿಡ) ಒಂದು ವಸಂತ ಹೂ ಬಿಟ್ಟು ಮಾಯವಾಗುತ್ತದೆ, ದುಡ್ಡು ದಂಡ ಎಂದವರೇ ಹೆಚ್ಚು. ನನ್ನಲ್ಲಿ ಈಗ ಏಳನೇ ವಸಂತ. ಸುಮಾರು 300 ಗೆಡ್ಡೆ ಹೂತ ಜಾಗದಲ್ಲಿ ಈ ಸಲ ಹೂ 500 ದಾಟಿದೆ, ಅದರಲ್ಲಿ ನೂರರಷ್ಟು ತಾವಾಗಿಯೇ ಬೀಜದಿಂದ ಎದ್ದವು.

ಮೊದಲು ಎರಡು ಸಲ ಸೋತೆ. ಅದಕ್ಕೆ ನೆಲ ಕಾರಣವಲ್ಲ, ಒಣಗಿದ ಗೆಡ್ಡೆ ಕಾರಣ. ಟ್ಯುಲಿಪ್‌ಗಿರುವ ಕಂದು ಸಿಪ್ಪೆ ಇದಕ್ಕಿಲ್ಲ. ಎರಡು ದಪ್ಪ ಬಿಳಿ ತೊಳೆ ಅಂಟಿಕೊಂಡಿರುತ್ತವೆ, ಅಷ್ಟೇ. ತೆರೆದ ತಟ್ಟೆಯಲ್ಲಿ ಕೆಲವು ವಾರ ಬಿದ್ದಿದ್ದರೆ ಒಳಗಿನ ನೀರೆಲ್ಲ ಆರುತ್ತದೆ. ಬೆರಳಲ್ಲಿ ಒತ್ತಿದಾಗ ಗಟ್ಟಿಯಾಗಿರಬೇಕು. ರಬ್ಬರಿನಂತೆ ಬಗ್ಗಿದರೆ ಮುಟ್ಟಬೇಡಿ. ಹಂಗಾಮಿನ ಕೊನೆಗೆ ಅರ್ಧ ಬೆಲೆಗೆ ಸಿಕ್ಕ 200ರಲ್ಲಿ ಮೇಲೆ ಬಂದದ್ದು 30, ಮೂರನೇ ವರ್ಷಕ್ಕೆ ಒಂದೂ ಇಲ್ಲ. ಹೂವಿನ ಲೆಕ್ಕಕ್ಕೆ ಇಳಿಸಿ ನೋಡಿದರೆ ದುಬಾರಿಯೆಂದು ಬಿಟ್ಟ ಗೆಡ್ಡೆಯೇ ಅಗ್ಗವಾಗುತ್ತಿತ್ತು. ಈಗ ತೇವದ ಮರದ ಹೊಟ್ಟಿನಲ್ಲಿ ಕಟ್ಟಿ ಬಂದದ್ದನ್ನು ಮಾತ್ರ ಕೊಳ್ಳುತ್ತೇನೆ. ಸೆಪ್ಟೆಂಬರಿನಲ್ಲಿ, ಬಂದ ದಿನವೇ ನೆಲಕ್ಕೆ.

ಆಳ 10ರಿಂದ 12 ಸೆಂ.ಮೀ. 5 ಸೆಂ.ಮೀ.ನಲ್ಲಿ ಇಟ್ಟವು ಬೇಸಿಗೆಯಲ್ಲಿ ಬಾಡಿದವು. ನಡುವಿನ ಅಂತರ ಅಳೆಯುವುದಿಲ್ಲ, ಎರಚಿ ಬಿದ್ದಲ್ಲೇ ಹೂಳುತ್ತೇನೆ. ಅಡಿಗೆ ದಪ್ಪ ಮರಳು ಹಾಕಿ ನೋಡಿದೆ, ವಾರೆಯಾಗಿ ಇಟ್ಟೂ ನೋಡಿದೆ. ಎರಡರಿಂದಲೂ ಏನೂ ಬದಲಾಗಲಿಲ್ಲ.

ತೇವ ಬೇಕು ಎಂದರೆ ನೀರು ನಿಲ್ಲಬೇಕು ಎಂದಲ್ಲ. ಚಳಿಗಾಲದಲ್ಲಿ ನೆರೆ ಬಂದು ಇಳಿದರೆ ತೊಂದರೆಯಿಲ್ಲ, ಚಿಗುರು ಎದ್ದ ಮೇಲೆ ವಾರಗಟ್ಟಲೆ ನಿಂತರೆ ಗೆಡ್ಡೆ ಕೊಳೆಯುತ್ತದೆ. ಮಾರ್ಚ್‌ನಲ್ಲಿ 30 ಸೆಂ.ಮೀ. ಗುಂಡಿ ತೋಡಿ ನೀರು ತುಂಬಿಸಿ; ಎರಡು ದಿನದಲ್ಲಿ ಗೆಡ್ಡೆಯ ಮಟ್ಟಕ್ಕಿಂತ ಕೆಳಗಿಳಿಯದಿದ್ದರೆ ಆ ಜಾಗ ಬಿಡಿ. ತಗ್ಗಿನ ಮೂಲೆಯಲ್ಲಿ 60 ಗೆಡ್ಡೆ ಕಳೆದ ಮೇಲೆ ಇದನ್ನು ತಪ್ಪದೆ ಮಾಡುತ್ತೇನೆ.

ಇನ್ನು ಹುಲ್ಲು. ಗೆಲುವು ಸೋಲು ನಿಜವಾಗಿ ತೀರ್ಮಾನವಾಗುವುದು ಇಲ್ಲೇ. ಇಂಗ್ಲೆಂಡಿನ ಕ್ರಿಕ್‌ಲೇಡ್ ಬಳಿ, ಥೇಮ್ಸ್ ದಡದಲ್ಲಿ ಫ್ರಿಟಿಲರಿಗೇ ಹೆಸರಾದ ನಾರ್ತ್ ಮೆಡೋ ಹುಲ್ಲುಗಾವಲಿನಲ್ಲಿ ಬೇಸಿಗೆಯಲ್ಲಿ ಹುಲ್ಲು ಕೊಯ್ದ ಮೇಲೆ ಆಗಸ್ಟ್ 12ರಿಂದ ಫೆಬ್ರವರಿ 12ರವರೆಗೆ ದನ ಮೇಯಿಸುವ ಹಳೆಯ ಹಕ್ಕಿದೆ. ಗೊಬ್ಬರ ಹಾಕಿ ಬೆಳೆಸಿದ ನೆಲವಲ್ಲ ಅದು. ವರ್ಷ ವರ್ಷ ಕೊಯ್ದು ಹೊರಗೆ ಸಾಗಿಸಿದ ನೆಲ. ನಾನೂ ಒಂದು ಚಿಟಿಕೆ ಗೊಬ್ಬರ ಹಾಕುವುದಿಲ್ಲ. ಒರಟು ಹುಲ್ಲನ್ನು ಸೊರಗಿಸಲು, ಹುಲ್ಲಿನ ಬೇರಿನಿಂದಲೇ ಸಾರ ಹೀರುವ ಗಿಡವಾದ ಯೆಲ್ಲೋ ರ‍್ಯಾಟಲ್ ಬಿತ್ತಿದೆ: ಅದೇ ವರ್ಷದ ಬೀಜ, ಶರತ್ಕಾಲದಲ್ಲಿ, ಅರ್ಧ ಮಣ್ಣು ಕಾಣುವಷ್ಟು ಹುಲ್ಲು ಕೆರೆದ ಮೇಲೆ. ಹಳೆಯ ಬೀಜ ಒಂದೂ ಮೊಳೆಯಲಿಲ್ಲ. ಎರಡು ವರ್ಷದಲ್ಲಿ ಹುಲ್ಲು ಮೊಣಕಾಲಿನ ಕೆಳಗಿಳಿಯಿತು.

ಕೊಯ್ಲಿನ ದಿನವನ್ನು ಕ್ಯಾಲೆಂಡರ್ ನೋಡಿ ಗೊತ್ತು ಮಾಡಬೇಡಿ, ಬೀಜಕೋಶ ನೋಡಿ. ಹೂವಿದ್ದಾಗ ಬಗ್ಗಿದ್ದ ಕುತ್ತಿಗೆ ಕಾಯಿ ಬಲಿತಂತೆ ನೆಟ್ಟಗಾಗುತ್ತದೆ. ಕಾಯಿ ಕಂದಾಗಿ ತುದಿ ಬಿರಿದಾಗ ಒಳಗೆ ಚಪ್ಪಟೆ ಬೀಜಗಳು ಕಾಗದದ ಚೂರಿನಂತೆ ಒತ್ತೊತ್ತಾಗಿ ಜೋಡಿಸಿರುತ್ತವೆ. ಅದು ಖಾಲಿಯಾಗುವವರೆಗೆ ಕತ್ತಿ ತಾಗಿಸುವುದಿಲ್ಲ. ಸಾಮಾನ್ಯವಾಗಿ ಜುಲೈ ನಡುವೆ ಆಗುತ್ತದೆ. ಒಂದು ವರ್ಷ ಜೂನ್‌ನಲ್ಲೇ ಕೊಯ್ದದ್ದರಿಂದ ಒಂದು ತಲೆಮಾರಿನ ಸಸಿ ಪೂರ್ತಿ ತಪ್ಪಿತು. ಕೊಯ್ದದ್ದನ್ನು ಎರಡು ದಿನ ಅಲ್ಲೇ ಒಣಗಿಸಿ, ಕೊಡವಿ, ಹೊರಗೆ ಒಯ್ಯಬೇಕು. ಶರತ್ಕಾಲದ ಕೊನೆಗೆ ಇನ್ನೊಮ್ಮೆ ಸವರಿ, ಜನವರಿಯಿಂದ ಯಾರೂ ಕಾಲಿಡಬಾರದು.

ಬೀಜದ ಒಂದು ಪಾಲನ್ನು ತೇವದ ಮರಳಿನಲ್ಲಿ ಹತ್ತು ವಾರ ಫ್ರಿಜ್‌ನಲ್ಲಿಟ್ಟೆ, ಇನ್ನೊಂದನ್ನು ಹೊರಗೆ ಚಳಿಗೆ ಬಿಟ್ಟೆ. ಮೊಳಕೆ ಹೆಚ್ಚುಕಡಿಮೆ ಒಂದೇ, ಹಾಗಾಗಿ ಫ್ರಿಜ್ ಬಿಟ್ಟೆ. ಮೊದಲ ವರ್ಷ ಹುಲ್ಲಿನೆಸಳಂಥ ಒಂದೇ ಎಲೆ ಬರುತ್ತದೆ, ಕಳೆಯೆಂದು ಕಿತ್ತೀರಿ ಜೋಕೆ. ಹೂವಿಗೆ ನಾಲ್ಕೈದು ವರ್ಷ. 

ಕೊನೆಗೆ ಎಲೆ ತಿನ್ನುವ ಕೆಂಪು ಲಿಲಿ ಜೀರುಂಡೆ. ಕೈ ಹತ್ತಿರ ಬಂದರೆ ಸಾಕು, ಕಾಲು ಮಡಚಿ ಬೆನ್ನಡಿಯಾಗಿ ಬೀಳುತ್ತದೆ. ಕಪ್ಪು ಹೊಟ್ಟೆ ಮೇಲಾದರೆ ಮಣ್ಣಿನಲ್ಲಿ ಕಾಣುವುದೇ ಇಲ್ಲ. ಮೊದಲು ಒಂದು ಕೈಯನ್ನು ಎಲೆಯ ಕೆಳಗೆ ಹಿಡಿದು ಆಮೇಲೆ ಇನ್ನೊಂದರಿಂದ ತಟ್ಟಬೇಕು. ಏಪ್ರಿಲ್‌ನಲ್ಲಿ ದಿನ ಬಿಟ್ಟು ದಿನ, ಎಲೆಯ ಅಡಿಯ ಕಿತ್ತಳೆ ಮೊಟ್ಟೆಸಾಲುಗಳನ್ನೂ ಒರೆಸುತ್ತಾ ಹೋದರೆ ಔಷಧಿಯ ಅಗತ್ಯ ಬೀಳುವುದಿಲ್ಲ.