ಕೂದಲು ಉದುರುವ ನಾಯಿಯ ತಟ್ಟೆಯಲ್ಲಿ ಏನಿದೆ?

ಮೈಮೇಲೆ ಹೊಟ್ಟು, ಸವರಿದರೆ ಒರಟು, ಸೋಫಾ ತುಂಬ ಕೂದಲು. ಶಾಂಪೂ ಬದಲಿಸಿ ಬದಲಿಸಿ ಸುಸ್ತಾಗಿದ್ದರೆ, ಒಮ್ಮೆ ನಾಯಿಯ ತಟ್ಟೆ ನೋಡಿ. ನಮ್ಮ ಎಷ್ಟೋ ಮನೆಗಳಲ್ಲಿ ಅದಕ್ಕೆ ಸಿಗುವುದು ಹಾಲನ್ನ, ಮೊಸರನ್ನ, ಇಲ್ಲವೇ ರಾಗಿ ಅಂಬಲಿ. ಹೊಟ್ಟೆಯೇನೋ ತುಂಬುತ್ತದೆ. ಆದರೆ ಕೂದಲು ಅಂದರೆ ಹೆಚ್ಚುಕಡಿಮೆ ಪೂರ್ತಿ ಪ್ರೋಟೀನೇ. ನಾಯಿಗೆ ದಿನಕ್ಕೆ ಬೇಕಾದ ಪ್ರೋಟೀನ್‌ನಲ್ಲಿ ಶೇ 25ರಿಂದ 30ರಷ್ಟು ಚರ್ಮ, ಕೂದಲಿಗೇ ಖರ್ಚಾಗುತ್ತದೆ.

ಮೊದಲು ಚಿಗಟ ಹುಡುಕಿ. ಬಾಲದ ಬುಡದಲ್ಲಿ ಕೂದಲು ಬಿಡಿಸಿ ನೋಡಿ. ಕಪ್ಪು ಪುಡಿ ಕಂಡರೆ ಒದ್ದೆ ಹತ್ತಿಯ ಮೇಲೆ ಹಾಕಿ. ಕೆಂಪಗಾದರೆ ಅದು ಚಿಗಟದ ಹಿಕ್ಕೆ. ಆಗ ಊಟ ಬದಲಿಸಿ ಪ್ರಯೋಜನವಿಲ್ಲ, ಚಿಗಟಕ್ಕೆ ಔಷಧಿ ಬೇಕು. ದುಂಡುದುಂಡಾಗಿ ಕೂದಲು ಹೋಗಿದ್ದರೆ ನೇರ ಪಶುವೈದ್ಯರ ಹತ್ತಿರ ಹೋಗಿ.

ಪ್ರೋಟೀನ್ ಸೇರಿಸಿ. ಅನ್ನ ಕಡಿಮೆ ಮಾಡಿ, ಬೇಯಿಸಿದ ಕೋಳಿ, ಮೊಟ್ಟೆ ಕೊಡಿ. ಮೂಳೆ ತೆಗೆಯಿರಿ, ಬೆಂದ ಮೂಳೆ ಚೂಪಾಗಿ ಸೀಳುತ್ತದೆ. ಹಸಿ ಮೊಟ್ಟೆ ಕೊಟ್ಟರೆ ಮೈ ಮಿಂಚುತ್ತದೆ ಅನ್ನುವವರಿದ್ದಾರೆ. ದಿನಾ ಕೊಟ್ಟರೆ ಆಗುವುದು ಉಲ್ಟಾ. ಹಸಿ ಬಿಳಿ ಭಾಗದಲ್ಲಿರುವ ಅವಿಡಿನ್, ಚರ್ಮಕ್ಕೆ ಬೇಕಾದ ಬಯೋಟಿನ್ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೇಯಿಸಿದರೆ ಈ ತಾಪತ್ರಯ ಇಲ್ಲ.

ಕೊಬ್ಬಿಗೆ ಹೆದರಬೇಡಿ, ಸುರಿಯಲೂ ಬೇಡಿ. ಲಿನೋಲೆಯಿಕ್ ಆಮ್ಲ ಎಂಬ ಕೊಬ್ಬಿನಂಶ ಸಾಲದಿದ್ದರೆ ಚರ್ಮ ಒಣಗಿ ಹೊಟ್ಟೇಳುತ್ತದೆ. ಕೋಳಿಯ ಕೊಬ್ಬಿನಲ್ಲಿ ಅದಿದೆ. ಉರಿ, ತುರಿಕೆ ತಗ್ಗಿಸಲು ಒಮೆಗಾ 3 ಬೇಕು. ಅದಕ್ಕೆ ಕರಾವಳಿಯ ಬೂತಾಯಿ ಮೀನಿನಷ್ಟು ಒಳ್ಳೆಯದು, ಅಗ್ಗದ್ದು ಇನ್ನೇನಿದೆ! ಉಪ್ಪು ಖಾರ ಹಾಕದೆ ಬೇಯಿಸಿ, ಮುಳ್ಳು ಬಿಡಿಸಿ ಕೊಡಿ. ಮಿಕ್ಕಿದ ಮೀನು ಸಾರು ಮಾತ್ರ ಬೇಡ, ಈರುಳ್ಳಿ ನಾಯಿಗೆ ವಿಷ. ಅಗಸೆಯಲ್ಲೂ ಒಮೆಗಾ 3 ಇದೆ, ಆದರೆ ಅದನ್ನು ಬೇಕಾದ ರೂಪಕ್ಕೆ ಬದಲಿಸಿಕೊಳ್ಳುವುದರಲ್ಲಿ ನಾಯಿಯ ದೇಹ ಹಿಂದೆ. ಎಣ್ಣೆ ಜಾಸ್ತಿಯಾದರೆ ಭೇದಿ ಶುರುವಾಗುತ್ತದೆ.

ರಾಗಿಯನ್ನು ಅಳತೆಯಲ್ಲಿಡಿ. ರಾಗಿ ಕೆಟ್ಟದ್ದಲ್ಲ. ಆದರೆ ಅದರಲ್ಲಿರುವ ಫೈಟೇಟ್ (ಕಾಳು, ಧಾನ್ಯಗಳಲ್ಲಿರುವ ಒಂದು ಅಂಶ), ಕ್ಯಾಲ್ಸಿಯಂ ಎರಡೂ ಸತು ಅಂದರೆ ಜಿಂಕ್ ಮೈಗೆ ಹತ್ತದಂತೆ ತಡೆಯುತ್ತವೆ. ಮೂರು ಹೊತ್ತೂ ಅಂಬಲಿಯೇ ಆದರೆ ಕಷ್ಟ. ಕಣ್ಣು, ಬಾಯಿಯ ಸುತ್ತ ಹಕ್ಕಳೆ, ಅಂಗಾಲಲ್ಲಿ ಬಿರುಕು ಕಂಡರೆ ಜಿಂಕ್ ಕೊರತೆ ಇರಬಹುದು. ಸುಮ್ನೆ ಮಾತ್ರೆ ತಂದು ನುಂಗಿಸಬೇಡಿ, ಹೆಚ್ಚಾದರೆ ಅದೂ ವಿಷವೇ.

ಆಮೇಲೆ ಕಾಯಿರಿ. ಹೊಸ ಊಟವನ್ನು 7ರಿಂದ 10 ದಿನದಲ್ಲಿ ನಿಧಾನಕ್ಕೆ ಬೆರೆಸುತ್ತಾ ಬನ್ನಿ. ಮೊದಲ ದಿನವೇ ಫೋಟೊ ತೆಗೆದಿಡಿ. ವ್ಯತ್ಯಾಸ ಕಾಣಲು 6ರಿಂದ 8 ವಾರ ಬೇಕು. ಆಗಲೂ ಪಾದ ನೆಕ್ಕುವುದು, ಕಿವಿ ಕೆರೆಯುವುದು ನಿಲ್ಲದಿದ್ದರೆ ಊಟದ ಅಲರ್ಜಿಯೂ ಇರಬಹುದು. ನೀವು ಪ್ರೀತಿಯಿಂದ ಹಾಕುವ ಕೋಳಿ, ಹಾಲೇ ಕಾರಣವಾಗಿರಬಹುದು. ಅದನ್ನು ಪತ್ತೆ ಹಚ್ಚಲು ವೈದ್ಯರು ಸುಮಾರು 8 ವಾರ ಒಂದೇ ಬಗೆಯ ಊಟ ಹೇಳುತ್ತಾರೆ. ಆ ದಿನಗಳಲ್ಲಿ ಅಜ್ಜಿ ಕದ್ದುಮುಚ್ಚಿ ಕೊಡುವ ಒಂದು ಬಿಸ್ಕತ್ತು ಸಾಕು, ಮತ್ತೆ ಮೊದಲಿಂದ ಶುರು ಮಾಡಬೇಕು.