ಮಗುವಿಗೆ ಜನ ಹುಬ್ಬೇರಿಸುವಂಥ ಹೆಸರಿಡಬೇಕು ಅನ್ನಿಸಿದರೆ

ಮಗನಿಗೆ ಮಹಿಷ ಅಂತ ಹೆಸರಿಡುತ್ತೇನೆ ಎಂದು ನನ್ನ ತಮ್ಮ ಹೇಳಿದ ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ನಾವಿರುವುದು ಮೈಸೂರಿನಲ್ಲಿ. ಅಮ್ಮ ಆಷಾಢ ಶುಕ್ರವಾರ ತಪ್ಪದೆ ಚಾಮುಂಡಿ ಬೆಟ್ಟ ಹತ್ತುವವರು. ತಮ್ಮ ಹೇಳುವುದೂ ಸುಮ್ನೆ ತಳ್ಳಿಹಾಕುವ ಮಾತಲ್ಲ. ಮಹಿಷೂರು ಮೈಸೂರಾಯಿತು ಎನ್ನುತ್ತಾರೆ, ಬೆಟ್ಟದ ಮೇಲೆ ಕತ್ತಿ, ಹಾವು ಹಿಡಿದು ನಿಂತವನ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ, ಅವನು ಈ ನೆಲದ ರಾಜ ಎಂದು ನಂಬಿ ಮಹಿಷ ದಸರಾ ಮಾಡುವವರೂ ಇದ್ದಾರೆ. ಅಮ್ಮ ಕೇಳಿದ್ದು ಒಂದೇ ಮಾತು. "ದೇವಿ ಮುಂದೆ ನಿಂತು ಮೊಮ್ಮಗನಿಗೆ ಅರ್ಚನೆ ಮಾಡಿಸುವಾಗ ಅರ್ಚಕರಿಗೆ ಏನಂತ ಹೆಸರು ಹೇಳಲಿ?"

ನಾನು ಸೋದರತ್ತೆ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು. ಹಾಗಾಗಿ ಈ ಹೆಸರಿನ ಹಿಂದೆ ನಾನೂ ಬಿದ್ದೆ.

ಮೊದಲ ಮಾತು, ಅವಸರ ಬೇಡ. ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಬೇಕು, ನಿಜ, ಆದರೆ ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ಆಮೇಲೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಅದೂ ದಾಟಿದರೆ ಶುಲ್ಕ ಕಟ್ಟಿ ಸೇರಿಸಲು 15 ವರ್ಷದವರೆಗೆ ಅವಕಾಶವಿದೆ. ಸೇರಿಸಿದ ಹೆಸರನ್ನು ಬದಲಾಯಿಸುವುದು ಮಾತ್ರ ಬೇರೆಯೇ ಓಡಾಟ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರುವುದರಿಂದ ಪಾಸ್‌ಪೋರ್ಟ್‌ವರೆಗೆ ಜನನ ಪ್ರಮಾಣಪತ್ರವೇ ಆಧಾರ. ಮನೆಯಲ್ಲಿ ಮಾತು ಮುಗಿಯುವ ತನಕ ಆ ಜಾಗ ಖಾಲಿ ಇರಲಿ.

ಆಮೇಲೆ ಆ ಹೆಸರಿನ ಪೂರ್ತಿ ಕಥೆ ತಿಳಿದುಕೊಳ್ಳಿ. ಅರ್ಧ ಕಥೆ ಹಿಡಿದುಕೊಂಡೇ ಜಗಳಗಳು ಜಾಸ್ತಿ ಆಗೋದು. ಅಸುರರ ಹೆಸರು ಬೇಡವೇ ಬೇಡ ಎನ್ನುವ ಮನೆಯಲ್ಲೇ ಪ್ರಹ್ಲಾದ ಇರುತ್ತಾನೆ, ಅವನು ಹಿರಣ್ಯಕಶಿಪುವಿನ ಮಗ. ಇಂದ್ರಜಿತ್ ರಾವಣನ ಮಗ. ದೀಪಾವಳಿಯಲ್ಲಿ ಬಲೀಂದ್ರನನ್ನು ಪೂಜೆ ಮಾಡಿ ಕರೆಯುತ್ತೇವೆ. ಮಹಿಷ ಅಂದರೆ ಕೋಣ, ಆದರೆ ಪಟ್ಟಮಹಿಷಿ ಅಂದರೆ ಪಟ್ಟದ ರಾಣಿ. ಸರೋಜಿನಿ ಮಹಿಷಿ ವರದಿ ಜಾರಿಯಾಗಲಿ ಎಂದು ಇಷ್ಟು ವರ್ಷ ಕೂಗಿದ ನಾವು ಆ ಹೆಸರು ಕೇಳಿ ಒಂದು ದಿನವೂ ಬೆಚ್ಚಲಿಲ್ಲ ಅಲ್ವಾ?

ಇದನ್ನೆಲ್ಲ ನಿಮ್ಮ ಕಡೆ ವಾದ ಗೆಲ್ಲಲು ಹುಡುಕಬೇಡಿ. ಪಕ್ಕದ ಮನೆಯವರ ಕಥೆಯನ್ನೂ ಕೇಳಿ. ಟಿಪ್ಪು ಅನ್ನೋ ಹೆಸರನ್ನೇ ನೋಡಿ. ಟಿಪ್ಪು ಸುಲ್ತಾನನಿಗೆ ಅದು ಆರ್ಕಾಟಿನ ಸೂಫಿ ಸಂತ ಟಿಪ್ಪು ಮಸ್ತಾನ್ ಔಲಿಯಾ ಅವರಿಂದ ಬಂದದ್ದು. ಸುಲ್ತಾನ ಶ್ರೀರಂಗಪಟ್ಟಣದಲ್ಲಿ 1799ರಲ್ಲಿ ಇಂಗ್ಲಿಷರ ವಿರುದ್ಧ ಹೋರಾಡುತ್ತಲೇ ಸತ್ತವನು ಎಂದು ಹೆಮ್ಮೆಯಿಂದ ಆ ಹೆಸರಿಡುವವರಿದ್ದಾರೆ. ಅದೇ ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ, ಟಿಪ್ಪು ತಮ್ಮ ಹಿರಿಯರನ್ನು ಕೊಲ್ಲಿಸಿದ ದಿನ ಎಂಬ ನೆನಪಿನಿಂದ ನರಕ ಚತುರ್ದಶಿ ಆಚರಿಸದ ಮಂಡ್ಯಂ ಅಯ್ಯಂಗಾರ್ ಮನೆಗಳಿವೆ. ಆ ನೆನಪಿಗೆ ಇನ್ನೂರು ವರ್ಷ ದಾಟಿದೆ. ಹೆಸರಿಡಬೇಡಿ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಮಗುವಿನ ಹೆಸರು ಕೇಳಿ ಇನ್ನೊಬ್ಬರು ಮುಖ ತಿರುಗಿಸಿದರೆ ಅದು ಯಾಕೆ ಅಂತ ನಿಮಗೆ ಮೊದಲೇ ಗೊತ್ತಿರಬೇಕು.

ಈಗ ಮುಖ್ಯ ಪ್ರಶ್ನೆ. ನಾನು ತಮ್ಮನನ್ನು ಕೇಳಿದೆ, "ನಾಳೆ ಮಗ ಬಂದು ಅಪ್ಪ, ನನಗ್ಯಾಕೆ ಈ ಹೆಸರು ಅಂದರೆ ಏನು ಹೇಳ್ತೀಯ?" ಹತ್ತು ನಿಮಿಷ ಮಾತಾಡಿದ. ದೊಡ್ಡಪ್ಪನ ಮಕ್ಕಳ ಬಗ್ಗೆ, ವಾಟ್ಸಾಪ್ ಗುಂಪಿನಲ್ಲಿ ಆದ ಜಗಳದ ಬಗ್ಗೆ, ಯಾರಿಗೆ ಬುದ್ಧಿ ಬರಬೇಕು ಅನ್ನೋದರ ಬಗ್ಗೆ. ಮಗುವಿನ ಮಾತೇ ಬರಲಿಲ್ಲ. ಅದು ಅವನಿಗೇ ಹೊಳೆದು ಸುಮ್ಮನಾದ. ಯಾರಿಗೋ ಉತ್ತರ ಕೊಡಲು ಇಟ್ಟ ಹೆಸರನ್ನು ಆ ಮಗು ಜೀವಮಾನವಿಡೀ ಹೊರಬೇಕು, ಜಗಳವಾಡಿದವರು ಆಗ ಪಕ್ಕದಲ್ಲಿ ಇರುವುದಿಲ್ಲ.

ಇದಕ್ಕೆ ತದ್ವಿರುದ್ಧ ನನ್ನ ಮಂಡ್ಯದ ಗೆಳತಿಯ ಮನೆ. ಒಕ್ಕಲಿಗರ ಮನೆ, ಮಗನ ಹೆಸರು ಶರೀಫ. ಅವಳ ಮಾವನವರು ಭಜನೆಯಲ್ಲಿ ಶಿಶುನಾಳ ಶರೀಫರ ತತ್ವಪದ ಹಾಡಿಕೊಂಡೇ ಬದುಕಿದವರು. ಗೋವಿಂದ ಭಟ್ಟರ ಶಿಷ್ಯ ಶರೀಫಜ್ಜ ಅಂದರೆ ಅವರಿಗೆ ಮನೆಯ ಹಿರಿಯನ ಹಾಗೆ. ನೆಂಟರು ಕೆಲವರು ನಾಮಕರಣಕ್ಕೇ ಬರಲಿಲ್ಲ. ಹೆಸರು ಉಳಿಯಿತು, ಉಳಿಯಬೇಕಾದ ಹೆಸರೇ ಅದು. ಕಾರಣದಲ್ಲಿ ಪ್ರೀತಿ ಇದ್ದರೆ ಗಟ್ಟಿಯಾಗಿ ನಿಲ್ಲಿ.

ಹಿರಿಯರಿಗೆ ಹೇಳುವ ರೀತಿಯೂ ಮುಖ್ಯ. ನಾಮಕರಣದ ದಿನ ಅಕ್ಕಿ ಮೇಲೆ ಹೆಸರು ಬರೆದಾಗಲೇ ಅವರಿಗೆ ಗೊತ್ತಾಗುವ ಹಾಗೆ ಮಾಡಬೇಡಿ, ತುಂಬಿದ ಮನೆಯಲ್ಲಿ ಅವರಿಗೆ ಅವಮಾನವಾಗುತ್ತದೆ. ಮೊದಲೇ ಒಬ್ಬೊಬ್ಬರ ಹತ್ತಿರ ಕೂತು ಮಾತಾಡಿ. ತೀರ್ಮಾನ ಅಪ್ಪ ಅಮ್ಮಂದಿರದೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ "ಜನ ಏನಂತಾರೆ" ಅನ್ನೋ ಚಿಕ್ಕಪ್ಪನ ಮಾತಿಗೂ, ಅರ್ಚನೆಯಲ್ಲಿ ಏನು ಹೇಳಲಿ ಅನ್ನೋ ಅಜ್ಜಿಯ ಸಂಕಟಕ್ಕೂ ವ್ಯತ್ಯಾಸವಿದೆ. ಎರಡನೆಯದಕ್ಕೆ ಕಿವಿಗೊಡಿ.

ಇನ್ನೊಂದು ಸಣ್ಣ ಕೆಲಸ. ಒಂದು ವಾರ ಮನೆಯಲ್ಲಿ ಅದೇ ಹೆಸರಿಂದ ಕರೆಯಿರಿ. ದೇವರಾಜ ಮಾರುಕಟ್ಟೆಯ ಗದ್ದಲದಲ್ಲಿ ಮಗು ಕೈ ಬಿಡಿಸಿಕೊಂಡು ಓಡಿದರೆ ಆ ಹೆಸರನ್ನು ಜೋರಾಗಿ ಕೂಗುತ್ತೀರಾ, ನಾಲಿಗೆ ತಡೆಯುತ್ತದಾ ನೋಡಿ. ಇಂಗ್ಲಿಷಿನಲ್ಲಿ ಬರೆದೂ ನೋಡಿ. ಮಹಿಷ ಅಂತ ಬರೆದದ್ದನ್ನು ನನ್ನ ಸಹೋದ್ಯೋಗಿಯೊಬ್ಬರು ಮಹಿಶಾ ಅಂತ ಓದಿ, ಹೆಣ್ಣು ಮಗುವಾ ಎಂದು ಕೇಳಿದರು.

ಮಗುವಿಗೆ ಎಂಟನೇ ತಿಂಗಳಾದಾಗ ತಮ್ಮ ನಂಜುಂಡ ಅಂತ ಹೆಸರು ಬರೆಸಿದ. ತೀರಿಕೊಂಡ ಅಪ್ಪ ಅವನನ್ನು ರೈಲಿನಲ್ಲಿ ನಂಜನಗೂಡಿಗೆ ಕರೆದುಕೊಂಡು ಹೋಗುತ್ತಿದ್ದರು, ಅದು ಅವನಿಗೆ ನೆನಪಾಯಿತಂತೆ. ಟಿಪ್ಪು ಹಕೀಂ ನಂಜುಂಡ, ಅಂದರೆ ವೈದ್ಯ ನಂಜುಂಡ, ಎಂದು ಕರೆದ ದೇವರು ಎಂದು ನಾನು ಹೇಳಿದಾಗ ಇನ್ನೂ ಖುಷಿಪಟ್ಟ.

ಹೆಸರು ಇಟ್ಟಾಗಿದ್ದರೆ, ಮಗುವಿಗೆ ಮಾತು ಬಂದ ಕೂಡಲೇ ಅದರ ಕಥೆಯನ್ನು ಒಂದು ಸಾಲಿನಲ್ಲಿ ಹೇಳಿಕೊಡಿ. ಶರೀಫ ಈಗ ಯುಕೆಜಿ. ಬಸ್ಸಿನಲ್ಲಿ ಯಾರಾದರೂ "ನೀವು ಯಾವ ಪೈಕಿ ಮಗಾ?" ಎಂದರೆ, "ನಮ್ಮ ತಾತ ಹಾಡ್ತಿದ್ದರಲ್ಲ, ಆ ಅಜ್ಜನ ಹೆಸರು" ಅನ್ನುತ್ತಾನೆ.